ಗಾಯ ಕಾಣಲಿಲ್ಲ, ಆದರೂ ನಂಬಿದರು: ಟೋಕಿಯೋದಲ್ಲಿ ಸಿಮೋನ್ ಬೈಲ್ಸ್

2021ರ ಜುಲೈ 27. ಟೋಕಿಯೋದ ಅರಿಯಾಕೆ ಜಿಮ್ನಾಸ್ಟಿಕ್ಸ್ ಸೆಂಟರ್‌ನಲ್ಲಿ ಮಹಿಳಾ ತಂಡಗಳ ಫೈನಲ್. ಅಮೆರಿಕದ ಮೊದಲ ಸರದಿ ವಾಲ್ಟ್. ಸಿಮೋನ್ ಬೈಲ್ಸ್ ಅವತ್ತು ಮಾಡಬೇಕಿದ್ದದ್ದು ಅಮನಾರ್ ಎಂಬ ವಾಲ್ಟ್. ಓಡಿ ಬಂದು, ಟೇಬಲ್ ಮೇಲೆ ಕೈಯೂರಿ ಚಿಮ್ಮಿ, ಗಾಳಿಯಲ್ಲಿ ಹಿಂದಕ್ಕೆ ಲಾಗ ಹಾಕುತ್ತಲೇ ಎರಡೂವರೆ ಸುತ್ತು ತಿರುಗಿ ನಿಲ್ಲಬೇಕು. ಅವರಿಗೆ ವರ್ಷಗಳಿಂದ ರೂಢಿಯಾಗಿದ್ದ ವಾಲ್ಟ್ ಅದು. ಅವತ್ತು ಒಂದೂವರೆ ಸುತ್ತಿಗೇ ತಿರುಗುವುದು ನಿಂತುಹೋಯಿತು. ಕುಕ್ಕರಿಸಿದಂತೆ ಕೆಳಗೆ ಬಂದು, ಮುಂದಕ್ಕೆ ಒಂದು ದೊಡ್ಡ ಹೆಜ್ಜೆ ಹಾಕಿ ಹೇಗೋ ಬೀಳದೆ ಉಳಿದರು. ಬಂದ ಅಂಕ 13.766.

ಟಿವಿ ನೋಡುತ್ತಿದ್ದವರಿಗೆ ಅದೊಂದು ಕೆಟ್ಟ ವಾಲ್ಟ್, ಅಷ್ಟೇ. ಆದರೆ ಬೈಲ್ಸ್ ತಂಡದ ವೈದ್ಯಕೀಯ ಸಿಬ್ಬಂದಿಯ ಜೊತೆ ಅಂಕಣದಿಂದ ಆಚೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬಂದು ಜೊತೆಗಾರ್ತಿಯರನ್ನು ತಬ್ಬಿಕೊಂಡರು. ಮೇಲಂಗಿ, ಪ್ಯಾಂಟ್ ಹಾಕಿಕೊಂಡು ಪಕ್ಕದಲ್ಲಿ ನಿಂತುಬಿಟ್ಟರು. ಮುಂದಿನ ಬಾರ್ಸ್ (ಎತ್ತರ-ತಗ್ಗಿನ ಎರಡು ಕಂಬಿಗಳು) ಮತ್ತು ಬೀಮ್‌ಗೆ (ಕಿರಿದಾದ ತೊಲೆ) ಅವರ ಜಾಗದಲ್ಲಿ ಜೋರ್ಡನ್ ಚೈಲ್ಸ್ ಇಳಿದರು. ಫ್ಲೋರ್‌ಗೆ, ಅಂದರೆ ನೆಲದ ಹಾಸಿನ ಮೇಲಿನ ಪ್ರದರ್ಶನಕ್ಕೆ, ಸುನಿ ಲೀ. ಚಿನ್ನ ರಷ್ಯಾದ ಆಟಗಾರ್ತಿಯರ ತಂಡಕ್ಕೆ ಹೋಯಿತು, ಅಮೆರಿಕಕ್ಕೆ ಬೆಳ್ಳಿ.

ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆ ಮೊದಲು ಹೇಳಿದ್ದು ‘ವೈದ್ಯಕೀಯ ಕಾರಣ’ ಅಂತ. ಕಾಲು ಉಳುಕಿರಬೇಕು ಎಂದು ಎಲ್ಲರೂ ಊಹಿಸಿದರು. ಆಟ ಮುಗಿದ ಮೇಲೆ ಪತ್ರಕರ್ತರ ಮುಂದೆ ಬೈಲ್ಸ್ ತಾವೇ ಬಿಡಿಸಿ ಹೇಳಿದರು: ಮೈಗೆ ಏನೂ ಆಗಿಲ್ಲ, ತೊಂದರೆ ಇರುವುದು ಮನಸ್ಸಿನಲ್ಲಿ.

ಈ ಕಥೆಯನ್ನು ಸಾಮಾನ್ಯವಾಗಿ ‘ಧೈರ್ಯವಾಗಿ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿದ ಆಟಗಾರ್ತಿ’ ಅಂತ ಹೇಳಿ ಮುಗಿಸುತ್ತಾರೆ. ಅವರಿಗೆ ಧೈರ್ಯವಿತ್ತು, ಒಪ್ಪೋಣ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ವಾಲ್ಟ್ ಮುಗಿದ ಮೇಲಿನ ಆ ಕೆಲವು ನಿಮಿಷ. ಎಕ್ಸ್-ರೇ ತೆಗೆದರೆ ಸಿಗುವಂಥದ್ದು ಏನೂ ಇರಲಿಲ್ಲ. ಒಬ್ಬಳು ‘ನನ್ನಿಂದ ಆಗ್ತಿಲ್ಲ’ ಅಂದಳು, ಸುತ್ತ ಇದ್ದವರು ಸಾಕ್ಷಿ ಕೇಳದೆ ಆ ಮಾತನ್ನು ನಂಬಿದರು. ಇಡೀ ಪ್ರಕರಣ ನಿಂತಿರುವುದು ಈ ನಂಬಿಕೆಯ ಮೇಲೆ. ಅದೂ ಹುಡುಗಿಯರ ಮಾತನ್ನು ವರ್ಷಗಟ್ಟಲೆ ನಂಬದೇ ಇದ್ದ ಒಂದು ಆಟದಲ್ಲಿ.

ಟೋಕಿಯೋಗೆ ಬರುವ ಮೊದಲು

ಬೈಲ್ಸ್ ಹುಟ್ಟಿದ್ದು 1997ರಲ್ಲಿ, ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಹೆತ್ತ ತಾಯಿಗೆ ಮಕ್ಕಳನ್ನು ನೋಡಿಕೊಳ್ಳಲು ಆಗದ ಕಾರಣ ಪುಟ್ಟ ವಯಸ್ಸಲ್ಲೇ ಸರ್ಕಾರದ ಪಾಲನಾ ವ್ಯವಸ್ಥೆಗೆ ಹೋದ ಮಗು. ಆಮೇಲೆ ಅಜ್ಜ ರಾನ್ ಮತ್ತು ಅವರ ಹೆಂಡತಿ ನೆಲ್ಲಿ ದತ್ತು ತೆಗೆದುಕೊಂಡು ಟೆಕ್ಸಾಸ್‌ನಲ್ಲಿ ಬೆಳೆಸಿದರು. ಬೈಲ್ಸ್ ಅವರನ್ನು ಅಪ್ಪ, ಅಮ್ಮ ಅಂತಲೇ ಕರೆಯುತ್ತಾರೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಕಂಚು. ಅದಾಗಿ ಸ್ವಲ್ಪ ದಿನಕ್ಕೆ ಹ್ಯಾಕರ್‌ಗಳು ಆಟಗಾರರ ವೈದ್ಯಕೀಯ ದಾಖಲೆ ಕದ್ದು ಹೊರಹಾಕಿದರು. ಅದರಲ್ಲಿ ಬೈಲ್ಸ್ ಹೆಸರೂ ಇತ್ತು. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆಗೆ ಚಿಕ್ಕಂದಿನಿಂದ ಔಷಧಿ ತಗೋತಿದ್ದೇನೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಅವರು ನೇರವಾಗಿ ಬರೆದರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಟೋಕಿಯೋದಲ್ಲಿ ನಡೆದದ್ದಕ್ಕೆ ಇದೂ ಒಂದು ತಾಲೀಮು ಅಂತ ನನಗೆ ಅನ್ನಿಸುತ್ತದೆ.

ದೊಡ್ಡ ಪೆಟ್ಟು ಬಂದದ್ದು ಬೇರೆ ಕಡೆಯಿಂದ. ಅಮೆರಿಕ ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಲ್ಲಿ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. ತಾನೂ ಅವರಲ್ಲೊಬ್ಬಳು ಎಂದು ಬೈಲ್ಸ್ ಹೇಳಿದ್ದು 2018ರ ಜನವರಿಯಲ್ಲಿ. ಅದೇ ತಿಂಗಳು ಮಿಷಿಗನ್‌ನ ನ್ಯಾಯಾಲಯವೊಂದು ನಾಸರ್‌ಗೆ 40ರಿಂದ 175 ವರ್ಷಗಳ ಜೈಲು ವಿಧಿಸಿತು. ಆ ದಿನಗಳಲ್ಲಿ ಖಿನ್ನತೆ ಕಾಡಿತ್ತು, ಎಷ್ಟು ಮಲಗಿದರೂ ಎದ್ದೇಳಲು ಮನಸ್ಸಾಗುತ್ತಿರಲಿಲ್ಲ ಎಂಬ ಅರ್ಥದಲ್ಲಿ ಬೈಲ್ಸ್ ಆಮೇಲೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಥೆರಪಿಗೂ ಹೋದರು.

ಆದರೆ ಆಟ ಬಿಡಲಿಲ್ಲ. ಅದೇ ವರ್ಷ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಿಡ್ನಿ ಕಲ್ಲಿನ ನೋವು ಇಟ್ಟುಕೊಂಡೇ ಆಲ್‌ರೌಂಡ್, ಅಂದರೆ ನಾಲ್ಕೂ ಉಪಕರಣಗಳ ಅಂಕ ಕೂಡಿಸುವ ಸ್ಪರ್ಧೆಯ, ಚಿನ್ನ ಗೆದ್ದರು. ಈ ಸಂಗತಿ ನೆನಪಿಡಿ. ಸಣ್ಣಪುಟ್ಟದಕ್ಕೆ ಹಿಂದೆ ಸರಿಯುವವರಲ್ಲ ಇವರು.

ಟೋಕಿಯೋಗೆ ಹೋಗಲು ಅವರಿಗೆ ಇನ್ನೊಂದು ಕಾರಣವೂ ಇತ್ತು. ದೌರ್ಜನ್ಯ ಅನುಭವಿಸಿದವರಲ್ಲಿ ಒಬ್ಬರಾದರೂ ಆಟದಲ್ಲಿ ಉಳಿಯದಿದ್ದರೆ ಸಂಸ್ಥೆ ಇದನ್ನೆಲ್ಲ ಚಾಪೆ ಕೆಳಗೆ ತಳ್ಳಿಬಿಡುತ್ತದೆ ಎಂಬ ಮಾತನ್ನು 2021ರ ವಸಂತದಲ್ಲಿ ಟಿವಿಯಲ್ಲೇ ಹೇಳಿದ್ದರು. ಅಂದರೆ ಪದಕದ ಭಾರದ ಮೇಲೆ ಇನ್ನೊಂದು ಭಾರ. ಒಲಿಂಪಿಕ್ಸ್ ಶುರುವಾಗುವ ಹೆಚ್ಚುಕಡಿಮೆ ಹತ್ತು ದಿನ ಮುಂಚೆ, ಜುಲೈ 14ಕ್ಕೆ, ಅಮೆರಿಕದ ನ್ಯಾಯಾಂಗ ಇಲಾಖೆಯ ತನಿಖಾ ವರದಿ ಹೊರಬಂತು. ನಾಸರ್ ಬಗ್ಗೆ 2015ರಲ್ಲೇ ಎಫ್‌ಬಿಐಗೆ ದೂರು ಹೋಗಿತ್ತು, ಅಧಿಕಾರಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ, ಆಮೇಲೂ ಹತ್ತಾರು ಹುಡುಗಿಯರು ಅವನ ಕೈಗೆ ಸಿಕ್ಕಿದರು ಎಂಬುದೆಲ್ಲ ಅದರಲ್ಲಿತ್ತು. ಈ ಸುದ್ದಿಯ ನಡುವೆಯೇ ಬೈಲ್ಸ್ ಟೋಕಿಯೋಗೆ ಹೊರಟರು.

ಇದರ ಮೇಲೆ ಕೋವಿಡ್. ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಗಿತ್ತು. ವಿದೇಶಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ಹಾಗಾಗಿ ಅಪ್ಪ ಅಮ್ಮ ಬರುವಂತಿರಲಿಲ್ಲ. ಕುರ್ಚಿಗಳೆಲ್ಲ ಖಾಲಿ. ಜಾಹೀರಾತುಗಳಲ್ಲಿ, ಪೋಸ್ಟರ್‌ಗಳಲ್ಲಿ ಮಾತ್ರ ಎಲ್ಲೆಲ್ಲೂ ಅವರದೇ ಮುಖ. ಜುಲೈ 25ರ ಅರ್ಹತಾ ಸುತ್ತಿನಲ್ಲಿ ಸಣ್ಣ ತಪ್ಪುಗಳಾದರೂ ಎಲ್ಲ ಆರು ಫೈನಲ್‌ಗಳಿಗೂ ಆಯ್ಕೆಯಾದರು. ಮಾರನೇ ದಿನ ಇನ್‌ಸ್ಟಾಗ್ರಾಂನಲ್ಲಿ, ಕೆಲವೊಮ್ಮೆ ಲೋಕದ ಭಾರವೆಲ್ಲ ನನ್ನ ಹೆಗಲ ಮೇಲಿದೆ ಅನ್ನಿಸುತ್ತದೆ ಎಂದು ಬರೆದರು. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಗಾಳಿಯಲ್ಲಿ ದಿಕ್ಕು ತಪ್ಪುವುದು

ಜಿಮ್ನಾಸ್ಟ್‌ಗಳು ಈ ತೊಂದರೆಗೆ ‘ಟ್ವಿಸ್ಟೀಸ್’ ಅನ್ನುತ್ತಾರೆ. ಗಾಳಿಯಲ್ಲಿ ಸುತ್ತುವಾಗ ನೆಲ ಯಾವ ಕಡೆ, ಮೇಲು ಯಾವುದು, ಇನ್ನೆಷ್ಟು ತಿರುಗಬೇಕು ಎನ್ನುವ ಅಂದಾಜು ಇದ್ದಕ್ಕಿದ್ದಂತೆ ಕೈಕೊಡುವ ಸ್ಥಿತಿ. ಟ್ರ್ಯಾಂಪೊಲೀನ್ ಆಡುವವರಲ್ಲೂ ಡೈವಿಂಗ್ ಮಾಡುವವರಲ್ಲೂ ಇದು ಇದೆ. ಕ್ರಿಕೆಟ್ ನೋಡುವವರಿಗೆ ‘ಯಿಪ್ಸ್’ ಗೊತ್ತಿರಬಹುದು. ಸಾವಿರಾರು ಚೆಂಡು ಎಸೆದ ಸ್ಪಿನ್ನರ್‌ಗೆ ಒಂದು ದಿನ ಚೆಂಡು ಕೈ ಬಿಡುವುದೇ ಇಲ್ಲ. ಎರಡೂ ಒಂದೇ ಜಾತಿಯವು. ಆದರೆ ಬೌಲರ್‌ನ ಚೆಂಡು ಎಲ್ಲೋ ಬೀಳುತ್ತದೆ, ಜಿಮ್ನಾಸ್ಟ್ ಆದರೆ ತಲೆ ಕೆಳಗಾಗಿ ತಾನೇ ಬೀಳುತ್ತಾಳೆ.

ಯಾಕೆ ಹೀಗಾಗುತ್ತದೆ? ಹತ್ತಾರು ವರ್ಷ ಅಭ್ಯಾಸ ಮಾಡಿದ ಚಲನೆ ಯೋಚನೆಯ ಕೈಯಿಂದ ಜಾರಿ ಮೈಯ ರೂಢಿಗೆ ಸೇರಿಹೋಗಿರುತ್ತದೆ. ಕಿವಿಯ ಒಳಭಾಗದ ಸಮತೋಲನದ ಅಂಗ, ಕಣ್ಣು, ಸ್ನಾಯು, ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ತಾನಾಗಿಯೇ ಹೊಂದಿಸಿಕೊಳ್ಳುತ್ತದೆ. ಒತ್ತಡ, ಭಯ, ನಿದ್ದೆಗೇಡು ಜಾಸ್ತಿಯಾದಾಗ ಮನಸ್ಸು ಈ ಕೆಲಸದ ನಡುವೆ ತಲೆ ಹಾಕುತ್ತದೆ. ದಡದಡ ಮೆಟ್ಟಿಲಿಳಿಯುವಾಗ ‘ಈಗ ಯಾವ ಕಾಲು?’ ಅಂತ ಯೋಚಿಸಿದರೆ ಎಡವುತ್ತೇವಲ್ಲ, ಹಾಗೆ. ವಾಲ್ಟ್‌ನಲ್ಲಿ ಗಾಳಿಯಲ್ಲಿರುವುದೇ ಒಂದು ಸೆಕೆಂಡಿನ ಆಸುಪಾಸು. ಆ ಹೊತ್ತಿನಲ್ಲಿ ಯೋಚಿಸಿ ಸರಿಪಡಿಸಿಕೊಳ್ಳಲು ಸಮಯ ಎಲ್ಲಿದೆ?

ಬೈಲ್ಸ್‌ಗೆ ಇದು ಹೊಸದೇನಲ್ಲ. ಮೊದಲು ಫ್ಲೋರ್ ಮತ್ತು ವಾಲ್ಟ್‌ನಲ್ಲಿ ಆಗಿತ್ತು. ಈ ಸಲ ನಾಲ್ಕೂ ಉಪಕರಣಗಳ ಮೇಲೆ ಬಂದುಬಿಟ್ಟಿತ್ತು. ಹಿಂದೆ ಹೀಗಾದಾಗ ಹೋಗಲು ಎರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿದಿತ್ತು ಎಂದು ಅವರೇ ಬರೆದರು. ಬಾರ್ಸ್‌ನಿಂದ ಇಳಿಯುವಾಗ ಅರ್ಧಕ್ಕೇ ದಿಕ್ಕು ತಪ್ಪಿ ಮೆತ್ತನೆಯ ಹಾಸಿನ ಮೇಲೆ ಬೆನ್ನು ಕೆಳಗಾಗಿ ಬೀಳುವ ಅಭ್ಯಾಸದ ವಿಡಿಯೋ ಹಾಕಿದರು. ಸ್ಪರ್ಧೆಯಲ್ಲಿ ಅಷ್ಟು ಮೆತ್ತನೆಯ ಹಾಸು ಇರುವುದಿಲ್ಲ.

‘ಮನಸ್ಸಿನ ತೊಂದರೆ’ ಅಂದ ಕೂಡಲೇ ನಾವು ಬೇಜಾರು, ಅಳು, ಆತ್ಮವಿಶ್ವಾಸದ ಕೊರತೆ ಅಂತ ಲೆಕ್ಕ ಹಾಕುತ್ತೇವೆ. ಇಲ್ಲಿ ಮನಸ್ಸಿನ ಒತ್ತಡ ಸೀದಾ ಕತ್ತು ಮುರಿಯುವ ಅಪಾಯವಾಗಿ ಬಂದಿತ್ತು. ಮನಸ್ಸಿನ ಖಾತೆ ಬೇರೆ, ಮೈಯ ಖಾತೆ ಬೇರೆ ಎಂದು ಬರೆದಿಡಲು ಬರುವುದಿಲ್ಲ. ಪರೀಕ್ಷೆ ಹಾಲ್‌ನಲ್ಲಿ ಓದಿದ್ದೆಲ್ಲ ಮರೆತು ಕೈ ನಡುಗುವ ಹುಡುಗನಿಗೂ, ಎದೆ ಹಿಡಿದುಕೊಂಡು ಹೃದಯದ ಡಾಕ್ಟರ ಹತ್ತಿರ ಓಡಿ, ಇಸಿಜಿ ನಾರ್ಮಲ್ ಅಂತ ವಾಪಸ್ ಬರುವ ಹೆಂಗಸಿಗೂ ಇದು ಅನುಭವದಿಂದ ಗೊತ್ತಿರುತ್ತದೆ.

ಮಾತು ನಂಬಿದ್ದು, ನಂಬದೇ ಇದ್ದದ್ದು

ವಾಲ್ಟ್ ಆದ ಮೇಲೆ ಬೈಲ್ಸ್ ತಮ್ಮ ಕೋಚ್ ಸಿಸಿಲ್ ಲ್ಯಾಂಡಿ ಮತ್ತು ಜೊತೆಗಾರ್ತಿಯರಿಗೆ ಮುಂದುವರಿಯಲು ಆಗುವುದಿಲ್ಲ ಎಂದರು. ತಂಡದ ಫೈನಲ್‌ನಲ್ಲಿ ಒಂದೊಂದು ಉಪಕರಣಕ್ಕೂ ಮೂವರು ಇಳಿಯುತ್ತಾರೆ, ಮೂವರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಒಬ್ಬರು ಎಡವಿದರೆ ಮುಚ್ಚಿಡಲು ದಾರಿಯಿಲ್ಲ. ಮೊದಲ ಸರದಿಗೇ ಅಮೆರಿಕ ಒಂದು ಅಂಕಕ್ಕಿಂತ ಸ್ವಲ್ಪ ಜಾಸ್ತಿ ಹಿಂದೆ ಬಿದ್ದಿತ್ತು. ಬೈಲ್ಸ್ ಉಳಿದಿದ್ದರೆ ಚಿನ್ನ ಬರುತ್ತಿತ್ತೇ? ಆ ಸ್ಥಿತಿಯಲ್ಲಿ ಬೆಳ್ಳಿಯೂ ಅನುಮಾನವಿತ್ತು. ತನ್ನಿಂದ ತಂಡದ ಪದಕ ಹೋಗಬಾರದು ಎಂಬ ಲೆಕ್ಕವೂ ತಮ್ಮ ತೀರ್ಮಾನದಲ್ಲಿತ್ತು ಎಂದು ಅವರು ಹೇಳಿದರು.

ಇದರ ಬೆಲೆ ತಿಳಿಯಬೇಕಾದರೆ ಇದೇ ಆಟದ ಹಳೆಯ ಎರಡು ಪ್ರಕರಣಗಳನ್ನು ನೋಡಬೇಕು.

ಎಲೆನಾ ಮುಖಿನಾ ಸೋವಿಯತ್ ಒಕ್ಕೂಟದ ಹುಡುಗಿ. 1978ರ ವಿಶ್ವ ಚಾಂಪಿಯನ್. 1979ರಲ್ಲಿ ಕಾಲು ಮುರಿಯಿತು. ಪೂರ್ತಿ ವಾಸಿಯಾಗುವ ಮೊದಲೇ ಮಾಸ್ಕೋ ಒಲಿಂಪಿಕ್ಸ್‌ಗಾಗಿ ಅವಸರದಲ್ಲಿ ಅಭ್ಯಾಸಕ್ಕೆ ಇಳಿಸಿದರು. ಥಾಮಸ್ ಸಾಲ್ಟೊ ಎಂಬ, ತಲೆ ಕೆಳಗಾಗಿ ಬಂದು ಉರುಳಿ ಏಳಬೇಕಾದ ಅಪಾಯದ ಲಾಗ ಅವಳ ಪಟ್ಟಿಯಲ್ಲಿತ್ತು. ಕತ್ತು ಮುರಿದುಕೊಳ್ಳುತ್ತೇನೆ ಎಂದು ಅವಳು ಹೇಳಿದ್ದಳು. ನಿನ್ನಂಥವರ ಕತ್ತು ಮುರಿಯೋದಿಲ್ಲ ಎಂಬಂಥ ಉತ್ತರ ಬಂತು ಎಂದು ಎಷ್ಟೋ ವರ್ಷದ ನಂತರ ಸಂದರ್ಶನದಲ್ಲಿ ನೆನಪಿಸಿಕೊಂಡಳು. ಒಲಿಂಪಿಕ್ಸ್‌ಗೆ ಹೆಚ್ಚುಕಡಿಮೆ ಎರಡು ವಾರ ಇದ್ದಾಗ, 1980ರ ಜುಲೈ 3ರಂದು, ಮಿನ್ಸ್ಕ್‌ನಲ್ಲಿ ಅಭ್ಯಾಸ ಮಾಡುವಾಗ ಗದ್ದ ನೆಲಕ್ಕೆ ಬಡಿದು ಬೆನ್ನುಮೂಳೆ ಮುರಿಯಿತು. ಕೈ ಕಾಲು ಸ್ವಾಧೀನ ಕಳೆದುಕೊಂಡು 2006ರಲ್ಲಿ ತೀರಿಕೊಳ್ಳುವ ತನಕ ಹಾಗೇ ಬದುಕಿದಳು. ವಯಸ್ಸು ಇನ್ನೂ ಐವತ್ತೂ ಆಗಿರಲಿಲ್ಲ. ಆ ಲಾಗವನ್ನು ಮುಂದೆ ಮಹಿಳೆಯರ ಫ್ಲೋರ್‌ನಿಂದ ತೆಗೆದುಹಾಕಿದರು.

ಎರಡನೆಯದು 1996, ಅಟ್ಲಾಂಟಾ. ಕೆರಿ ಸ್ಟ್ರಗ್‌ಗೆ ಆಗ ಹದಿನೆಂಟು. ಮೊದಲ ವಾಲ್ಟ್‌ಗೇ ಕಣಕಾಲು ಕೈಕೊಟ್ಟಿತು. ‘ನಿನ್ನಿಂದ ಆಗುತ್ತೆ’ ಎಂದು ಕೋಚ್ ಹುರಿದುಂಬಿಸಿದರು. ಎರಡನೇ ವಾಲ್ಟ್ ಮಾಡಿ ಒಂಟಿಕಾಲಲ್ಲಿ ನಿಂತು, ಕುಸಿದಳು. ಕೋಚ್ ಎತ್ತಿಕೊಂಡು ಪದಕ ವೇದಿಕೆಗೆ ಹೋದ ಚಿತ್ರ ಲೋಕಪ್ರಸಿದ್ಧ. ವರ್ಷಗಟ್ಟಲೆ ಅದನ್ನು ಛಲದ ಪಾಠವಾಗಿ ತೋರಿಸಿದರು. ಅಂಕ ಕೂಡಿದರೆ ಆ ಎರಡನೇ ವಾಲ್ಟ್ ಇಲ್ಲದೆಯೂ ಅಮೆರಿಕಕ್ಕೇ ಚಿನ್ನ ಬರುತ್ತಿತ್ತು. ಅವಳ ಒಲಿಂಪಿಕ್ಸ್ ಅಲ್ಲಿಗೇ ಮುಗಿಯಿತು. 2021ರಲ್ಲಿ ಬೈಲ್ಸ್ ಬೆಂಬಲಕ್ಕೆ ಮೊದಲು ನಿಂತವರಲ್ಲಿ ಈ ಸ್ಟ್ರಗ್ ಕೂಡ ಒಬ್ಬರು.

ಮುಖಿನಾಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಟ್ರಗ್‌ಳ ಗಾಯ ಕಣ್ಣಿಗೆ ಕಾಣುತ್ತಿದ್ದರೂ ಅದನ್ನು ದಾಟಿ ಹೋಗು ಅಂದರು. ನಾಸರ್ ಬಗ್ಗೆ ಹುಡುಗಿಯರು ಹೇಳಿದಾಗ ದೊಡ್ಡವರು ಅದನ್ನು ಚಿಕಿತ್ಸೆ ಅಂತ ಸಮಜಾಯಿಷಿ ಕೊಟ್ಟರು. ಇಂಥ ಆಟದಲ್ಲಿ ಇಪ್ಪತ್ತನಾಲ್ಕು ವರ್ಷದವಳೊಬ್ಬಳು ‘ನನ್ನ ಮೈ ನನಗೆ ಗೊತ್ತು’ ಅಂದಾಗ ಕೋಚ್, ವೈದ್ಯರು, ಜೊತೆಗಾರ್ತಿಯರು ಸುಮ್ನೆ ಒಪ್ಪಿಕೊಂಡದ್ದು ಸಣ್ಣ ಬದಲಾವಣೆ ಅಲ್ಲ.

ಉಳಿದ ವಾರ

ಬೈಲ್ಸ್ ಮುಂದಿನ ವಿಮಾನ ಹತ್ತಿ ಮನೆಗೆ ಹೋಗಲಿಲ್ಲ. ಹಿಂದೆ ಸರಿದ ಅರ್ಧ ಗಂಟೆಯೊಳಗೆ ಬಾರ್ಸ್ ಹತ್ತಿರ ನಿಂತು ಜೊತೆಗಾರ್ತಿಯರಿಗೆ ಚಾಕ್ ಪುಡಿ ತಂದುಕೊಡುತ್ತಿದ್ದರು, ಕೂಗಿ ಹುರಿದುಂಬಿಸುತ್ತಿದ್ದರು. ಆಮೇಲೆ ಒಂದೊಂದಾಗಿ ತೀರ್ಮಾನ ಮಾಡುತ್ತ ಹೋದರು. ಮೊದಲು ಆಲ್‌ರೌಂಡ್ ಬಿಟ್ಟರು. ಆಮೇಲೆ ವಾಲ್ಟ್ ಮತ್ತು ಬಾರ್ಸ್, ಆಮೇಲೆ ಫ್ಲೋರ್. ಎಲ್ಲವನ್ನೂ ಒಂದೇ ಸಲ ರದ್ದು ಮಾಡಲಿಲ್ಲ. ವೈದ್ಯರು ದಿನವೂ ನೋಡುತ್ತಿದ್ದರು. ಅವತ್ತಿನ ಸ್ಥಿತಿ ನೋಡಿ ಅವತ್ತಿನ ತೀರ್ಮಾನ. ಖಿನ್ನತೆಯಲ್ಲೋ ಆತಂಕದಲ್ಲೋ ಇರುವವರಿಗೆ ‘ಕೆಲಸ ಬಿಟ್ಟುಬಿಡು’ ಅಥವಾ ‘ನಾಳೆಯೇ ಹೋಗು’ ಎಂಬ ಎರಡೇ ದಾರಿ ತೋರಿಸುತ್ತೇವೆ. ಇಲ್ಲಿ ನಡುವೆ ಎಷ್ಟೊಂದು ಮೆಟ್ಟಿಲುಗಳಿದ್ದವು ನೋಡಿ.

ಬಿಟ್ಟ ಜಾಗಗಳು ಖಾಲಿ ಉಳಿಯಲಿಲ್ಲ ಎಂಬುದೂ ಗಮನಿಸಬೇಕಾದದ್ದು. ಜುಲೈ 29ರಂದು ಆಲ್‌ರೌಂಡ್ ಚಿನ್ನ ಸುನಿ ಲೀಗೆ ಬಂತು. ವಾಲ್ಟ್‌ನಲ್ಲಿ ಬೈಲ್ಸ್ ಬದಲಿಗೆ ಇಳಿದ ಮಿಕೈಲಾ ಸ್ಕಿನ್ನರ್ ಬೆಳ್ಳಿ ಗೆದ್ದರು. ‘ನಾನಿಲ್ಲದಿದ್ದರೆ ಎಲ್ಲ ಮುಳುಗಿಹೋಗುತ್ತದೆ’ ಎಂಬ ಭಯಕ್ಕೆ ಸಿಕ್ಕಿಹಾಕಿಕೊಂಡು ಎಷ್ಟೋ ಜನ ರಜೆ ಕೇಳುವುದಿಲ್ಲ.

ಈ ನಡುವೆ ಟೋಕಿಯೋದ ಹೊರಗೆ ಜುಂಟೆಂಡೊ ವಿಶ್ವವಿದ್ಯಾಲಯದವರು ತಮ್ಮ ಜಿಮ್ ಬಿಟ್ಟುಕೊಟ್ಟರು. ಕ್ಯಾಮೆರಾಗಳಿಲ್ಲ. ಮೆತ್ತನೆಯ ಹಾಸುಗಳಿದ್ದವು. ಅಲ್ಲಿ ಬೈಲ್ಸ್ ಮತ್ತೆ ಮತ್ತೆ ತಿರುಗಲು ನೋಡಿದರು, ಬಿದ್ದರು. ಟ್ವಿಸ್ಟೀಸ್ ಹೋಗಲಿಲ್ಲ. ಹಠ ಹಿಡಿದರೆ ಹೋಗುವಂಥದ್ದಾಗಿದ್ದರೆ ಅಲ್ಲೇ ಹೋಗುತ್ತಿತ್ತು.

ಆಗ ಒಂದು ದಾರಿ ಕಂಡಿತು. ಬೀಮ್ ಮೇಲಿನ ಅವರ ಪ್ರದರ್ಶನದಲ್ಲಿ ಕಷ್ಟದ ತಿರುಚು ಇದ್ದದ್ದು ಮುಖ್ಯವಾಗಿ ಕೊನೆಗೆ ಇಳಿಯುವಾಗ. ಅದನ್ನು ತೆಗೆದು, ತಿರುಚದೆ ಬರೀ ಎರಡು ಲಾಗ ಹಾಕಿ ಇಳಿಯುವ ಸುಲಭದ ರೀತಿ ಇಟ್ಟುಕೊಂಡರು. ಹನ್ನೆರಡು ವರ್ಷದವಳಿದ್ದಾಗ ಬಿಟ್ಟಿದ್ದ ಇಳಿತ ಅದು ಎಂದು ಆಮೇಲೆ ನಕ್ಕರು. ಅಂಕ ಕಡಿಮೆ, ಆದರೆ ನೆಲ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ದಿನಗಳಲ್ಲೇ ಊರಿನಿಂದ ಹತ್ತಿರದ ಬಂಧುವೊಬ್ಬರು ತೀರಿಕೊಂಡ ಸುದ್ದಿಯೂ ಬಂತು. ಆದರೂ ವೈದ್ಯರ ಒಪ್ಪಿಗೆ ಪಡೆದು ಆಗಸ್ಟ್ 3ರಂದು ಬೀಮ್ ಹತ್ತಿದರು. 14.000 ಅಂಕ, ಕಂಚು. ಚಿನ್ನ, ಬೆಳ್ಳಿ ಎರಡೂ ಚೀನಾದ ಹುಡುಗಿಯರಿಗೆ.

ಹೊರಗೆ ಗಲಾಟೆ ಜೋರಾಗಿಯೇ ಇತ್ತು. ಸ್ವಾರ್ಥಿ, ದೇಶಕ್ಕೆ ಕೈಕೊಟ್ಟವಳು ಎಂದೆಲ್ಲ ಟಿವಿಯಲ್ಲಿ ಕೂತವರು ಅಂದರು. ಅದನ್ನು ವಿವರವಾಗಿ ಬರೆಯುವಷ್ಟು ಅದರಲ್ಲಿ ಹುರುಳಿಲ್ಲ. ಜುಲೈ 30ಕ್ಕೆ ಇಂಗ್ಲೆಂಡಿನ ಬೆನ್ ಸ್ಟೋಕ್ಸ್ ಕೂಡ ಮಾನಸಿಕ ಆರೋಗ್ಯದ ಕಾರಣಕ್ಕೆ ಕ್ರಿಕೆಟ್‌ನಿಂದ ಬಿಡುವು ತಗೊಂಡರು.

ಗುಣವಾದ ಬಗೆ

ಸೆಪ್ಟೆಂಬರ್ 15ರಂದು ಬೈಲ್ಸ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ನಾಸರ್‌ನಷ್ಟೇ ಅವನನ್ನು ಬೆಳೆಯಲು ಬಿಟ್ಟ ವ್ಯವಸ್ಥೆಯೂ ತಪ್ಪಿತಸ್ಥ ಎಂದು ಅಳುತ್ತಲೇ ಹೇಳಿದರು. ಅದೇ ತಿಂಗಳ ಒಂದು ಸಂದರ್ಶನದಲ್ಲಿ, ಟೋಕಿಯೋಗಿಂತ ಬಹಳ ಮೊದಲೇ ನಾನು ನಿಲ್ಲಿಸಬೇಕಿತ್ತು ಎಂದರು. ಅಂದರೆ ಜುಲೈ 27ರ ವಾಲ್ಟ್ ಕಾಯಿಲೆಯ ಆರಂಭ ಆಗಿರಲಿಲ್ಲ. ಬಹಳ ಕಾಲದಿಂದ ಒಳಗೆ ಕೂಡಿಕೊಂಡದ್ದು ಅಲ್ಲಿ ಹೊರಬಿತ್ತು.

ಸ್ಪರ್ಧೆಗೆ ಮರಳಿದ್ದು 2023ರ ಆಗಸ್ಟ್‌ನಲ್ಲಿ. ಸುಮಾರು ಎರಡು ವರ್ಷ. ಈ ಅವಧಿಯಲ್ಲಿ ಥೆರಪಿ ತಪ್ಪಲಿಲ್ಲ. ಜಿಮ್‌ನಲ್ಲಿ ತಿರುಚುಗಳನ್ನು ಮೊದಲಿನಿಂದ ಕಟ್ಟಿಕೊಂಡು ಬಂದರು. ನಮ್ಮಲ್ಲಿ ನಾಲ್ಕು ಸಲ ಕೌನ್ಸೆಲಿಂಗ್‌ಗೆ ಹೋಗಿ ‘ಏನೂ ಪ್ರಯೋಜನ ಆಗಲಿಲ್ಲ’ ಅಂತ ಬಿಡುವವರು ಈ ಅವಧಿಯನ್ನು ಗಮನಿಸಬೇಕು.

ನನಗೆ ತುಂಬ ಹಿಡಿಸಿದ ವಿವರ ಒಂದಿದೆ. ಮರಳಿದ ಮೇಲೆ ಬೈಲ್ಸ್ ಯುರ್ಚೆಂಕೊ ಡಬಲ್ ಪೈಕ್ ಎಂಬ, ಅಲ್ಲಿಯ ತನಕ ಬೇರೆ ಯಾವ ಹೆಣ್ಣುಮಗಳೂ ಸ್ಪರ್ಧೆಯಲ್ಲಿ ಮಾಡಿರದ ವಾಲ್ಟ್ ಮತ್ತೆ ಮಾಡತೊಡಗಿದರು. ಅವರ ಇನ್ನೊಬ್ಬ ಕೋಚ್ ಲಾರೆಂಟ್ ಲ್ಯಾಂಡಿ ಏನಾದರೂ ಹೆಚ್ಚುಕಡಿಮೆಯಾದರೆ ಹಿಡಿಯಲು ಹಾಸಿನ ಪಕ್ಕವೇ ನಿಲ್ಲುತ್ತಿದ್ದರು. ಹಾಗೆ ನಿಂತರೆ ನಿಯಮದ ಪ್ರಕಾರ ಅರ್ಧ ಅಂಕ ಕಡಿತ. ಗೊತ್ತಿದ್ದೂ ನಿಂತರು. ಅರ್ಧ ಅಂಕ ಕೊಟ್ಟು ಜೀವದ ಭದ್ರತೆ ಕೊಂಡುಕೊಂಡರು. 2023ರ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್‌ನ ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ ಈ ಕಡಿತವಾದ ಮೇಲೂ 15.266 ಅಂಕ ಬಂತು, ಆ ವಾಲ್ಟ್‌ಗೆ ಬೈಲ್ಸ್ ಹೆಸರೇ ಅಧಿಕೃತವಾಯಿತು.

2024, ಪ್ಯಾರಿಸ್. ತಂಡದ ಫೈನಲ್ ದಿನ ಬೆಳಗ್ಗೆ ಥೆರಪಿಸ್ಟ್ ಜೊತೆ ಮಾತಾಡಿಯೇ ಅಂಕಣಕ್ಕೆ ಬಂದರು. ವಾಲ್ಟ್ ಮುಗಿದ ಕೂಡಲೇ ಮನಸ್ಸು ಹಗುರವಾಯಿತು, ಟೋಕಿಯೋದ ನೆನಪುಗಳು ನುಗ್ಗಿ ಬರಲಿಲ್ಲವಲ್ಲ ಎಂದು ಸಮಾಧಾನವಾಯಿತು ಎಂದರು. ಪ್ಯಾರಿಸ್‌ನಿಂದ ಹೊರಡುವಾಗ ಮೂರು ಚಿನ್ನ, ಒಂದು ಬೆಳ್ಳಿ. ಬೀಮ್ ಫೈನಲ್‌ನಲ್ಲಿ ಬಿದ್ದು ಐದನೆಯವರಾದರು. ಗುಣವಾಗುವುದು ಅಂದರೆ ಮತ್ತೆ ಎಂದೂ ಬೀಳದಿರುವುದು ಅಂತ ಅಲ್ಲವಲ್ಲ.

ನೆಪ ಅಂತ ಹೇಗೆ ಗೊತ್ತಾಗುತ್ತೆ?

ಈ ಕಥೆ ಹೇಳಿದಾಗ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಕೇಳುವ ಪ್ರಶ್ನೆ ಒಂದೇ. ‘ಎಲ್ಲರೂ ಹೀಗೇ ಆಗಲ್ಲ ಅಂದ್ರೆ? ಸೋಮಾರಿತನ ಯಾವುದು, ನಿಜ ಯಾವುದು?’ ನ್ಯಾಯವಾದ ಪ್ರಶ್ನೆಯೇ.

ಬೈಲ್ಸ್ ಪ್ರಕರಣದಲ್ಲಿ ಉತ್ತರದ ಸುಳಿವುಗಳಿವೆ. ಚೆನ್ನಾಗಿ ಬರುತ್ತಿದ್ದ, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೇ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಅಪಾಯವಿಲ್ಲದ ಕೆಲಸ ಕೊಟ್ಟರೆ ಮಾಡಿದರು, ಜಾಗ ಬಿಟ್ಟು ಓಡಲಿಲ್ಲ. ಹಿಂದೆ ನೋವಿದ್ದರೂ ಆಡಿದ ಚರಿತ್ರೆಯಿತ್ತು. ಮುಂಚೆಯೇ ಸೂಚನೆಗಳಿದ್ದವು. ಪಿಯುಸಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿ ನೀಟ್ ಕೋಚಿಂಗ್‌ಗೆ ಸೇರಿ ಮೂರು ತಿಂಗಳಿಗೆ ಪುಸ್ತಕ ತೆರೆದರೆ ಅಕ್ಷರ ಹತ್ತುವುದಿಲ್ಲ ಅಂದರೆ, ಊಟ ನಿದ್ದೆ ಕೆಟ್ಟಿದ್ದರೆ, ಗೆಳತಿಯರ ಫೋನ್ ಕೂಡ ಎತ್ತದಿದ್ದರೆ, ಅದನ್ನು ನೆಪ ಅನ್ನುವುದು ಕಷ್ಟ. ಅವಳಿಗೆ ನಾವು ಸಾಮಾನ್ಯವಾಗಿ ಕೊಡುವ ಉಪದೇಶ: ‘ಮನಸ್ಸು ಗಟ್ಟಿ ಮಾಡ್ಕೋಮ್ಮ.’ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅವಳಿಗೆ ಕೇಳಿಸುವುದು ‘ನಿನ್ನ ಮಾತು ನಂಬಲ್ಲ’ ಅಂತ. ಇನ್ನೊಂದು ಲೆಕ್ಕವೂ ಇದೆ. ನೆಪವನ್ನು ನಿಜ ಅಂತ ನಂಬಿದರೆ ಹೋಗುವುದು ಒಂದೆರಡು ದಿನದ ಕೆಲಸ. ನಿಜವನ್ನು ನೆಪ ಅಂದರೆ ಏನಾಗಬಹುದು ಎಂಬುದಕ್ಕೆ ಮುಖಿನಾ ಇದ್ದಾಳೆ.

ನಮ್ಮವರೇ ಆದ ಕೊಡಗಿನ ರಾಬಿನ್ ಉತ್ತಪ್ಪ 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 2009ರಿಂದ 2011ರ ನಡುವೆ ಬದುಕೇ ಬೇಡ ಅನ್ನಿಸುವಷ್ಟು ಖಿನ್ನತೆ ಕಾಡಿತ್ತು, ಡೈರಿ ಬರೆದುಕೊಂಡು, ಹೊರಗಿನವರ ಸಹಾಯ ಪಡೆದು ಎದ್ದುಬಂದೆ ಎಂದು ಅವರು ಬಾಯಿಬಿಟ್ಟು ಹೇಳಿದ್ದು 2020ರಲ್ಲಿ. ನಡುವೆ ಹತ್ತಿರ ಹತ್ತು ವರ್ಷ. ಹೇಳಿದರೆ ನಂಬುತ್ತಾರೆ ಎಂಬ ಧೈರ್ಯ ಬರಲು ಎಷ್ಟು ಸಮಯ ಬೇಕಾಗುತ್ತದೆ ಎನ್ನುವುದನ್ನು ಈ ಅಂತರವೇ ತೋರಿಸುತ್ತದೆ. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಡೆಸುವುದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನದು ಮುಖ್ಯ ಪಾತ್ರ. ಅಲ್ಲಿ ಮಾತಾಡುವವರು ಸಾಕ್ಷಿ ಕೇಳುವುದಿಲ್ಲ.

ಬೈಲ್ಸ್ ಪ್ರಕರಣವನ್ನು ಎಲ್ಲರಿಗೂ ಅನ್ವಯಿಸುವಾಗ ಒಂದು ಎಚ್ಚರ ಬೇಕು. ಅವರು ತರಬೇತಿ ಪಡೆಯುತ್ತಿದ್ದ ಜಿಮ್ ಅವರ ಮನೆಯವರದ್ದೇ. ಥೆರಪಿಸ್ಟ್ ಇದ್ದರು, ದುಡ್ಡಿತ್ತು, ಪ್ರಾಯೋಜಕರು ಬಿಟ್ಟುಹೋಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ಸಿಮೋನ್ ಬೈಲ್ಸ್. ಅಷ್ಟು ಪದಕ ಇಲ್ಲದ ಹುಡುಗಿ ಅದೇ ಮಾತು ಹೇಳಿದ್ದರೆ ಅಷ್ಟು ಬೇಗ ಒಪ್ಪುತ್ತಿದ್ದರೇ ಎಂಬ ಅನುಮಾನ ನನಗೆ ಉಳಿದೇ ಇದೆ. 2021ರ ಡಿಸೆಂಬರ್‌ನಲ್ಲಿ ನಾಸರ್ ಪ್ರಕರಣದ ಸಂತ್ರಸ್ತೆಯರಿಗೆ 38 ಕೋಟಿ ಡಾಲರ್ ಪರಿಹಾರದ ಒಪ್ಪಂದವಾಯಿತು. ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ದೌರ್ಜನ್ಯ ಅನುಭವಿಸಿದವರೊಬ್ಬರಿಗೆ ಒಂದು ಸ್ಥಾನ ಕೊಡಬೇಕು ಎಂಬ ಶರತ್ತೂ ಅದರಲ್ಲಿತ್ತು. ದುಡ್ಡಿಗಿಂತ ಆ ಶರತ್ತೇ ದೊಡ್ಡದು ಅಂತ ನನ್ನ ಲೆಕ್ಕ, ಯಾಕೆಂದರೆ ಹೆಸರಿಲ್ಲದ ಹುಡುಗಿಯೊಬ್ಬಳು ದೂರು ಕೊಟ್ಟಾಗ ಅದನ್ನು ಓದುವ ಮೇಜಿನ ಆ ಕಡೆ ಅವಳ ಹಾಗೇ ಹೇಳಿ ಸೋತವರೊಬ್ಬರು ಕೂತಿರುತ್ತಾರೆ.